ಕಳೆದದ್ದು ಬೀಗದಕೈ, ನಿಂತದ್ದು ನೀರು

ಕಂಬಂ ಕಣಿವೆಯ ದ್ರಾಕ್ಷಿ ತೋಟದಲ್ಲಿ ಪಂಪ್‌ಸೆಟ್ ಮೋಟಾರು ಸುಟ್ಟರೆ ಎರಡು ದಿನವೂ ಕಾಯುವಂತಿಲ್ಲ. ಕಳೆದ ಬೇಸಿಗೆಯಲ್ಲಿ ನನ್ನ ಮೋಟಾರಿಗೆ ಹೊಸ ತಂತಿ ಸುತ್ತಿ ಮುಗಿದಿತ್ತು. ಪರೀಕ್ಷೆ ಮಾತ್ರ ಆಗಲಿಲ್ಲ. ರಿವೈಂಡಿಂಗ್ ಅಂಗಡಿಯ ಹಳೆಯ ಹೈವೋಲ್ಟೇಜ್ ಟೆಸ್ಟರಿನ ಬೀಗದಕೈ ಕಳೆದುಹೋಗಿತ್ತು. ಅದನ್ನು ಮಾಡಿದ ಕಂಪನಿಯೂ ಈಗಿಲ್ಲ.

"ಒಳಗೆ ಎರಡು ವೈರು ಸೇರಿಸಿಬಿಟ್ರೆ ಆಯ್ತಲ್ಲಣ್ಣ" ಎಂದ ಕೆಲಸದ ಹುಡುಗ. ಯಜಮಾನರು ಮನೆಯಲ್ಲಿ ಕನ್ನಡವಾಡುವ ಕಪ್ಪಿಲಿಯರು. ಗದರಿಸಿಯೇ ಬಿಟ್ಟರು: "ಬೇಡ ಕಣೋ! ಸಾವಿರಾರು ವೋಲ್ಟು ಬರೋ ಪೆಟ್ಟಿಗೆ ಇದು. ಕಂಡೋರೆಲ್ಲ ಆನ್ ಮಾಡಬಾರದು ಅಂತಾನೇ ಬೀಗ ಇಟ್ಟಿರೋದು."

ಇಂಥ ಸ್ವಿಚ್ಚಿನ ಮುಖದ ಮೇಲೆ ಸಾಮಾನ್ಯವಾಗಿ ಒಂದು ನಂಬರು ಕೊರೆದಿರುತ್ತದೆ. ಅದು ಸಿಕ್ಕರೆ ಅದೇ ನಂಬರಿನ ಕೈ ಹುಡುಕಬಹುದು. ನಮ್ಮದರಲ್ಲಿ ನಂಬರು ಸವೆದಿತ್ತು. ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟು ಇಳಿಸಿ, ಸ್ವಿಚ್ಚನ್ನಷ್ಟೇ ಬಿಚ್ಚಿಕೊಟ್ಟರು. ನಾನು ತೇನಿ ದಾಟಿ ದಿಂಡಿಗಲ್ಲಿಗೆ ಬಸ್ಸು ಹತ್ತಿದೆ.

ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅಲ್ಲಿಯ ಹೆಸರಾಂತ ಬೀಗಗಳು ಲಿವರಿನವು. ನಮ್ಮದರೊಳಗೆ ಇದ್ದದ್ದು ತೆಳು ತಗಡಿನ ಬಿಲ್ಲೆಗಳು. ಆದರೂ ಪಳಗಿದ ಕೈಗೆ ಅದೇನು ದೊಡ್ಡದಲ್ಲ. ಕೊರೆಯದ ಕೈಯೊಂದನ್ನು ತೂರಿಸಿ, ಮೆಲ್ಲಗೆ ತಿರುಗಿಸಿ, ಗುರುತು ಬಿದ್ದಲ್ಲಿ ಅರ ಹಾಕಿದರು. ಮತ್ತೆ ತೂರಿಸಿದರು, ಮತ್ತೆ ಅರ ಹಾಕಿದರು. ಕೊನೆಗೆ ಟಕ್ ಎಂದು ತಿರುಗಿತು. ಅದನ್ನೇ ನೋಡಿ ಇನ್ನೊಂದು ಕೈ ಮಾಡಿಕೊಟ್ಟರು.

ಮರುದಿನ ಮೋಟಾರು ಪರೀಕ್ಷೆಯಲ್ಲಿ ಪಾಸಾಯಿತು, ಬಳ್ಳಿಗೆ ನೀರು ಹರಿಯಿತು. ನಿಮ್ಮಲ್ಲೂ ಇಂಥ ಹಳೆ ಪೆಟ್ಟಿಗೆ ಇದ್ದರೆ ಇವತ್ತೇ ಬೀಗದ ನಂಬರು ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಎರಡು ಕೈಗಳನ್ನು ಮಾತ್ರ ಒಂದೇ ದಾರಕ್ಕೆ ಕಟ್ಟಬೇಡಿ!