ಹಳೇ ಸೈಕಲ್ಲಿನ ಚೈನು ಯಾಕೆ ಜಾರುತ್ತದೆ?

ಅಟ್ಟದಿಂದ ಇಳಿಸಿದ ರ‍್ಯಾಲಿಗೋ ಹರ್ಕ್ಯುಲಿಸ್‌ಗೋ ಬಣ್ಣ ಹೊಡೆಸಬಹುದು, ಹ್ಯಾಂಡಲ್ಲಿಗೆ ಹೊಳಪು ತರಿಸಬಹುದು. ಆದರೆ ಏರಿನಲ್ಲಿ ಒತ್ತಿ ತುಳಿದಾಗ ಚೈನು ‘ಕಟಕ್’ ಎಂದು ಹಾರಿದರೆ ಅದು ಸೈಕಲ್ಲಲ್ಲ, ಬರೀ ಪ್ರದರ್ಶನದ ಸಾಮಾನು. ಹಳೆಯ ಸೈಕಲ್ಲುಗಳಿಗೆ ಜೀವ ಕೊಡುವವರ ಕಸುಬುದಾರಿಕೆ ಗೊತ್ತಾಗುವುದು ಪೆಡಲಿನಿಂದ ಹಿಂಗಾಲಿಯವರೆಗಿನ ಆ ಎರಡಡಿ ಜಾಗದಲ್ಲಿ.

ಹೆಚ್ಚಿನವರು ಮೊದಲು ಮಾಡುವುದು ಹೊಸ ಚೈನು ಹಾಕಿಸುವುದು. ಹಾಗೆ ಹಾಕಿದ ಮೇಲೆ ಜಾರುವುದು ಇನ್ನೂ ಜಾಸ್ತಿಯಾಗುವುದುಂಟು. ಕಾರಣವಿದೆ. 1880ರಲ್ಲಿ ಮ್ಯಾಂಚೆಸ್ಟರಿನ ಹ್ಯಾನ್ಸ್ ರೆನಾಲ್ಡ್ ರೂಪಿಸಿದ ರೋಲರ್ ಚೈನಿನ ವಂಶದ್ದೇ ನಮ್ಮ ಸೈಕಲ್ ಚೈನು. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಪಿನ್ನು, ಬುಷ್ ಸವೆದಂತೆ ಈ ಅಂತರ ಹಿಗ್ಗುತ್ತದೆ, ಫ್ರೀವೀಲಿನ ಹಲ್ಲೂ ಅದೇ ಅಳತೆಗೆ ಸವೆಯುತ್ತದೆ. ಇಬ್ಬರೂ ಜೊತೆಗೇ ಮುದುಕರಾದವರು. ಒಬ್ಬರನ್ನು ಮಾತ್ರ ಬದಲಿಸಿದರೆ ಸಂಸಾರ ಕೂಡುವುದಿಲ್ಲ.

ಪರೀಕ್ಷೆಗೆ ಸ್ಕೇಲು ಸಾಕು. ಚೈನನ್ನು ಬಿಗಿಯಾಗಿ ಹಿಡಿದು 24 ಕೊಂಡಿ ಅಳೆದರೆ 12 ಇಂಚು ಬರಬೇಕು. ಅರ್ಧ ನೂಲು, ಅಂದರೆ ಇಂಚಿನ 16ನೇ ಒಂದು ಭಾಗ ಹೆಚ್ಚಿದ್ದರೆ ಚೈನು ಬದಲಿಸಿ. ಒಂದು ನೂಲು ಹೆಚ್ಚಿದ್ದರೆ ಫ್ರೀವೀಲೂ ಹೋದಂತೆಯೇ.

ಪೆಡಲ್ ತುಳಿದರೂ ಗಾಲಿಗೆ ಹಿಡಿತ ಸಿಗದಿದ್ದರೆ ಫ್ರೀವೀಲಿನ ಒಳಗಿನ ಕುದುರೆಗಳು, ಅಂದರೆ ಹಲ್ಲಿಗೆ ಸಿಕ್ಕಿಕೊಳ್ಳುವ ಪುಟ್ಟ ಕೊಕ್ಕೆಗಳು, ಒಣಗಿದ ಗ್ರೀಸಿನಲ್ಲಿ ಅಂಟಿಕೊಂಡಿರುತ್ತವೆ. ಸೀಮೆಎಣ್ಣೆಯಲ್ಲಿ ನೆನೆಸಿ, ತಿರುಗಿಸಿ, ತೆಳು ಎಣ್ಣೆ ಬಿಟ್ಟರೆ ಎಷ್ಟೋ ಸಲ ಬಿಚ್ಚುವ ಪ್ರಮೇಯವೇ ಬರುವುದಿಲ್ಲ.

ಒಂದೊಂದು ಸುತ್ತಿಗೂ ‘ಟಕ್’ ಎನ್ನುವ ಸದ್ದು ಸಾಮಾನ್ಯವಾಗಿ ಕ್ರ್ಯಾಂಕನ್ನು ಅದರ ಆಕ್ಸಲಿಗೆ ಬಿಗಿಯುವ ಕಾಟರ್ ಪಿನ್ನಿನದು. ಇದನ್ನು ತೆಗೆಯುವಾಗಲೇ ಹೆಚ್ಚು ಹಾನಿ. ಕ್ರ್ಯಾಂಕಿನ ಕೆಳಗೆ ಗಟ್ಟಿ ಪೈಪಿನ ಆಸರೆ ಕೊಡದೆ ಸುತ್ತಿಗೆ ಬೀಸಿದರೆ ಆ ಏಟು ಬಾಲ್ಸ್ ಕೂರುವ ಕಪ್ಪಿನ ಮೇಲೆ ಬೀಳುತ್ತದೆ. ಹೊಸ ಪಿನ್ನುಗಳ ಚಪ್ಪಟೆ ಮೈಯನ್ನು ಒಂದೇ ಇಳಿಜಾರಿಗೆ ಅರ ಹಾಕಿ, ಎರಡು ಬದಿಯಲ್ಲೂ ಎದುರುಬದುರು ದಿಕ್ಕಿನಿಂದ ಕೂರಿಸಬೇಕು. ಇಲ್ಲವಾದರೆ ಎರಡು ಕ್ರ್ಯಾಂಕುಗಳು ನೇರ ಗೆರೆಯಲ್ಲಿ ನಿಲ್ಲವು.

ಕಪ್ಪನ್ನೇ ಬದಲಿಸುವುದಾದರೆ ಎರಡು ವಿಷಯ ನೆನಪಿರಲಿ. ಚೈನಿನ ಬದಿಯ ಕಪ್ಪಿಗೆ ಎಡಮರೆ, ಅಂದರೆ ಎಡಸುತ್ತಿನ ತಿರುಪು. ಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಚ್ಚುತ್ತದೆ. ನಾಟಿಂಗ್‌ಹ್ಯಾಮಿನ ಹಳೆಯ ರ‍್ಯಾಲಿಗೆ ಇಂಚಿಗೆ 26 ಮರೆ, ಉಳಿದ ಇಂಗ್ಲಿಷ್ ಸೈಕಲ್ಲುಗಳಿಗೆ 24. ಅಳತೆ ಹೊಂದದ ಅಂಗಡಿಯ ಕಪ್ಪನ್ನು ಬಲವಂತವಾಗಿ ತಿರುಗಿಸಿದರೆ ಫ್ರೇಮಿನ ಮರೆಯೇ ಹಾಳು.

ಮೂರು ಗೇರಿನ ಸ್ಟರ್ಮಿ-ಆರ್ಚರ್ ಹಬ್ ಇದ್ದರೆ ಇನ್ನೊಂದು ಪರೀಕ್ಷೆ. ಎರಡನೇ, ಮೂರನೇ ಗೇರಿನ ನಡುವೆ ಪೆಡಲ್ ಬರಿದೇ ತಿರುಗುವ ಜಾಗವೊಂದಿದೆ. ಕೇಬಲ್ ಸಡಿಲವಾದಾಗ ಹಬ್ ಅಲ್ಲಿಗೆ ಜಾರುತ್ತದೆ, ಸವಾರ ಚೈನನ್ನು ಬೈಯುತ್ತಾನೆ. ಎರಡನೇ ಗೇರಿನಲ್ಲಿಟ್ಟು, ಒಳಗಿನ ಕಡ್ಡಿಯ ಅಂಚು ಆಕ್ಸಲಿನ ತುದಿಗೆ ಸಮವಾಗುವಂತೆ ಕೇಬಲ್ ಹೊಂದಿಸಿದರೆ ಮುಗಿಯಿತು.

ಮುಂದಿನ ದೊಡ್ಡ ಚೈನ್‌ವೀಲಿನಲ್ಲಿ ಹಲ್ಲು ಹೆಚ್ಚು, ಹಾಗಾಗಿ ಸವೆತ ನಿಧಾನ. ರ‍್ಯಾಲಿಯ ಬಕಪಕ್ಷಿಯ ಚಿತ್ತಾರವಿರುವುದೂ ಅದರಲ್ಲೇ. ಆದ್ದರಿಂದ ಅಗ್ಗದ ಚೈನು, ಫ್ರೀವೀಲು ಹೊಸದಾಗಲಿ. ಮತ್ತೆ ಸಿಗದ ಚೈನ್‌ವೀಲನ್ನು ಉಳಿಸಿಕೊಳ್ಳಿ. ಸವೆಯುವುದನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರೆ ಅಪರೂಪದ್ದು ಬಾಳುತ್ತದೆ.