ಮಡಚುವ ಬಾಗಿಲೋ, ಸರಿಯುವ ಬಾಗಿಲೋ?

ಬಾಗಿಲು ಎಂದರೆ ಬಾಗಿಲು; ತೆರೆಯುತ್ತದೆ, ಮುಚ್ಚುತ್ತದೆ. ಅದರ ಮೇಲೂ ಒಂದು ಲೇಖನವೇ ಎಂದು ವಾಚಕರು ನಕ್ಕಾರು. ನಾವೂ ಮೊದಲು ಹಾಗೆಯೇ ನಕ್ಕವರು. ಆದರೆ ಪುಣೆಯ ನಮ್ಮ ಪುಟ್ಟ ಮನೆಯ ಹಿತ್ತಲಿಗೆ ಒಂದು ಕೋಣೆ ಕೂಡಿಸಹೊರಟಾಗ ಗೋಡೆಗಳು ಒಂದೇ ತಿಂಗಳಲ್ಲಿ ಎದ್ದವು. ಬಾಗಿಲು ಯಾವುದೆಂಬುದು ಮಾತ್ರ ಮೂರು ತಿಂಗಳಾದರೂ ಇತ್ಯರ್ಥವಾಗಲಿಲ್ಲ. ಸರ್ಕಾರಿ ಗುಮಾಸ್ತರ ಮನೆಯಲ್ಲಿ ಬಾಗಿಲಿಗೂ ಒಂದು ಫೈಲು ಬೇಕೇನೋ ಎಂದು ನಮ್ಮ ಮನೆಯವರು ಚುಚ್ಚಿದ್ದೂ ಉಂಟು.

ಕೋಣೆ ಬೇಕಾದದ್ದು ನಮ್ಮ ತಾಯಿಯವರಿಗೆ. ಧಾರವಾಡದ ಮನೆಯಲ್ಲಿ ಒಬ್ಬರೇ ಇದ್ದ ಅವರು ಹೋದ ವರ್ಷ ಹಿತ್ತಲ ಹೊಸ್ತಿಲು ಎಡವಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಈಗ ವಾಕರ್ ಹಿಡಿದು ನಡೆಯುತ್ತಾರೆ, ಮಹಡಿ ಹತ್ತಲಾರರು. ಊರು ಬಿಟ್ಟು ಬರಲು ಅವರು ಹಾಕಿದ ಷರತ್ತು ಒಂದೇ: ಮಂಚದ ಮೇಲಿಂದ ತುಳಸಿಕಟ್ಟೆ ಕಾಣಬೇಕು, ಯಾರ ಕೈಯನ್ನೂ ಹಿಡಿಯದೆ ಅಲ್ಲಿಗೆ ಹೋಗಿ ನೀರು ಹಾಕಿ ಬರಬೇಕು. ಆದ್ದರಿಂದ ಹಿತ್ತಲ ಕಡೆ 12 ಅಡಿ ಅಗಲ, 7 ಅಡಿ ಎತ್ತರದ ಜಾಗ ಬಿಟ್ಟು ಅಲ್ಲಿ ಗಾಜಿನ ಬಾಗಿಲು ಕೂಡಿಸುವುದೆಂದಾಯಿತು.

ಅಂಗಡಿಯಲ್ಲಿ ಎರಡು ಬಗೆ ತೋರಿಸಿದರು. ಒಂದು ಫೋಲ್ಡಿಂಗ್, ಅಂದರೆ ಮಡಚುವ ಬಾಗಿಲು. ನಾಲ್ಕಾರು ಗಾಜಿನ ಫಲಕಗಳನ್ನು ಒಂದಕ್ಕೊಂದು ತಿರುಗಣಿಗಳಿಂದ ಕೂಡಿಸಿರುತ್ತಾರೆ. ಎಳೆದರೆ ಪಂಚಾಂಗದ ಹಾಳೆಗಳಂತೆ ಮಡಚಿಕೊಂಡು ಒಂದು ಪಕ್ಕಕ್ಕೆ ನಿಲ್ಲುತ್ತವೆ, ಹೆಚ್ಚುಕಡಿಮೆ ಇಡೀ ಗೋಡೆಯೇ ತೆರೆದಂತಾಗುತ್ತದೆ. ಇನ್ನೊಂದು ಸ್ಲೈಡಿಂಗ್. ಒಂದು ಫಲಕ ಇನ್ನೊಂದರ ಹಿಂದೆ ಸರಿಯುತ್ತದೆ. ಎರಡೇ ಫಲಕಗಳಿದ್ದರೆ ಅರ್ಧ ಜಾಗ ಮಾತ್ರ ತೆರೆಯುತ್ತದೆ. ಮೊದಲನೆಯದನ್ನು ಕಂಡ ನಾವು ಮನಸೋತೆವೆಂದು ಒಪ್ಪಿಕೊಳ್ಳಬೇಕು. ಹಬ್ಬದ ದಿನ ಕೋಣೆ, ಅಂಗಳ ಎರಡೂ ಒಂದಾಗಿ ಹತ್ತು ಜನ ಊಟಕ್ಕೆ ಕೂತ ಚಿತ್ರ ಕಣ್ಣಮುಂದೆ ಬಂತು. ಬೆಲೆ ಸುಮಾರು ಒಂದೂವರೆ ಪಟ್ಟು ಆಗುವುದಾದರೂ, ತಾಯಿಗಾಗಿ ಅಲ್ಲವೇ ಎಂದು ಸಾಲದ ಲೆಕ್ಕವನ್ನೂ ಹಾಕಿದೆವು.

ಮನೆಗೆ ಬಂದು ವರ್ಣಿಸಿದಾಗ ತಾಯಿಯವರು ಎಲ್ಲ ಕೇಳಿ ಇಷ್ಟೇ ಅಂದರು: “ಹಬ್ಬ ವರ್ಷಕ್ಕ ನಾಕ ಸಲ ಬರತಾವಪಾ. ಮಳಿ ನಾಕ ತಿಂಗಳ ಇರತದ. ಯಾವುದಕ್ಕ ಬಾಗಲಾ ಮಾಡಸ್ತೀಯೋ ನೋಡು.”

ಆ ಮಾತಿನ ಮೇಲೆ ಫೈಲನ್ನು ಮತ್ತೆ ತೆರೆದೆವು.

ಮೊದಲನೆಯದು ಮಳೆ. ನಮ್ಮ ಹಿತ್ತಲು ಪಡುವಣಕ್ಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೂ ಎರಚಲೂ ನೇರವಾಗಿ ಅಲ್ಲಿಗೇ. ಮಡಚುವ ಬಾಗಿಲಿನಲ್ಲಿ ಫಲಕಗಳು ಹೆಚ್ಚು, ಆದ್ದರಿಂದ ಸಂದುಗಳೂ ಹೆಚ್ಚು. ಪ್ರತಿ ಸಂದಿನ ರಬ್ಬರ್ ಪಟ್ಟಿಯೂ ವರ್ಷವರ್ಷ ಗಟ್ಟಿಯಾಗಿರಬೇಕು. ಸರಿಯುವ ಬಾಗಿಲಿಗೂ ನೀರು ಬರದೆಂದಲ್ಲ. ಅದರ ಕೆಳಗಿನ ಹಳಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಅವು ಧೂಳು ಕಟ್ಟಿದರೆ ನೀರು ಒಳಗೆ ತಿರುಗುತ್ತದೆ. ಮಳೆಗಾಲಕ್ಕೆ ಮುಂಚೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಸಾಕು.

ಎರಡನೆಯದು ಭಾರ. 1 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ. ನಮ್ಮ 84 ಚದರ ಅಡಿಗೆ 8 ಮಿಲಿಮೀಟರ್ ಗಾಜೆಂದರೆ, ಚೌಕಟ್ಟು ಬಿಟ್ಟೇ ಸುಮಾರು 156 ಕಿಲೋ ಆಯಿತು. ಅಂಗಡಿಯವರು ತೋರಿಸಿದ ಮಡಚುವ ಬಾಗಿಲು ಮೇಲಿನ ಹಳಿಗೆ ತೂಗುವಂಥದು; ತೊಲೆ ತುಸು ಬಾಗಿದರೂ ಫಲಕ ಸಿಕ್ಕಿಬೀಳುತ್ತದೆ. ಸರಿಯುವ ಬಾಗಿಲಿನ ಭಾರ ಕೆಳಗಿನ ಗಾಲಿಗಳ ಮೇಲೆ, ಅಂದರೆ ನೆಲದ ಮೇಲೆ. ನಮ್ಮ ತೊಲೆ ಆಗಲೇ ಹಾಕಿಯಾಗಿತ್ತು. ಅಷ್ಟು ಭಾರವನ್ನು ಅದಕ್ಕೆ ತೂಗಹಾಕಬೇಡಿ ಎಂದರು ಇಂಜಿನಿಯರು.

ಮೂರನೆಯದು ಸೊಳ್ಳೆ. ಇದನ್ನು ಅಂಗಡಿಯವರು ಹೇಳಲಿಲ್ಲ, ನಮ್ಮ ಮನೆಯವರು ಕೇಳಿದರು. ಸರಿಯುವ ಬಾಗಿಲಿಗೆ ಇನ್ನೊಂದು ಹಳಿ ಕೂಡಿಸಿದರೆ ಜಾಳಿಗೆಯ ಫಲಕವೂ ಅಲ್ಲೇ ಓಡುತ್ತದೆ. ಮಡಚುವ ಬಾಗಿಲಿಗೆ ನಿರಿಗೆ ಜಾಳಿಗೆಯನ್ನು ಬೇರೆಯಾಗಿ ಕೂಡಿಸಬೇಕು. ಡೆಂಗೀ ಹರಡುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಹೊಸ್ತಿಲು. ಹಳಿಯನ್ನು ನೆಲದ ಮೇಲೆಯೇ ಕೂಡಿಸಿದರೆ ಒಂದೆರಡು ಅಂಗುಲ ಎದ್ದು ನಿಲ್ಲುತ್ತದೆ. ಅಷ್ಟೇ ಎತ್ತರದ ಮರದ ಹೊಸ್ತಿಲು ನಮ್ಮ ತಾಯಿಯವರ ಎಲುಬು ಮುರಿದಿತ್ತು. ಆದ್ದರಿಂದ ನೆಲಗಟ್ಟು ಹಾಸುವ ಮುಂಚೆಯೇ ಗಾಡಿ ತೆಗೆದು ಹಳಿಯನ್ನು ನೆಲದ ಮಟ್ಟಕ್ಕೆ ಇಳಿಸಬೇಕು. ಹೊರಗೆ ನೆಲಕ್ಕೆ ಇಳಿಜಾರು ಕೊಟ್ಟು, ಜಾಲರಿ ಮುಚ್ಚಿದ ಸಣ್ಣ ಕಾಲುವೆಯಿಂದ ನೀರು ಹರಿಸಬೇಕು. ಬಾಗಿಲು ಯಾವ ಬಗೆಯದಾದರೂ ಈ ಕೆಲಸ ತಪ್ಪದು, ಆಮೇಲೆ ಮಾಡಲೂ ಬಾರದು. ವಾಕರ್ ಹಿಡಿದವರಿಗೆ ಇನ್ನೊಂದು ತೊಂದರೆ: ಮಡಚುವ ಫಲಕ ತಿರುಗುವಾಗ ಹಿಂದೆ ಸರಿದು ನಿಲ್ಲಬೇಕು. ಸರಿಯುವ ಫಲಕಕ್ಕೆ ಆ ಗೊಡವೆಯಿಲ್ಲ.

ಗಾಜಿನ ಮಾತನ್ನೂ ಮರೆಯಬಾರದು. ಸಾದಾ ಗಾಜು ಒಡೆದರೆ ಕತ್ತಿಯಂಥ ಚೂರುಗಳಾಗುತ್ತವೆ. ಟಫನ್ ಮಾಡಿದ ಗಾಜು ಸಣ್ಣ ಕಾಳುಗಳಾಗಿ ಉದುರುತ್ತದೆ. ಲ್ಯಾಮಿನೇಟ್ ಮಾಡಿದ್ದು ಒಡೆದರೂ ನಡುವಿನ ಹಾಳೆಗೆ ಅಂಟಿಕೊಂಡಿರುತ್ತದೆ. ಟಫನ್ ಮಾಡಿದ ಮೇಲೆ ಗಾಜನ್ನು ಕತ್ತರಿಸಲು ಬಾರದು, ಆದ್ದರಿಂದ ಅಳತೆ ಮೊದಲೇ ಸರಿಯಿರಬೇಕು. ಮಕ್ಕಳಿರುವ ಮನೆಯಲ್ಲಿ ಗಾಜಿಗೆ ಅವರ ಕಣ್ಣೆತ್ತರದಲ್ಲಿ ಒಂದು ಬಣ್ಣದ ಪಟ್ಟಿ ಅಂಟಿಸಿರಿ. ನಮ್ಮ ಚಿಕ್ಕ ಮಗನ ಹಣೆ ಊದಿದ ಮೇಲೆ ನಮಗೆ ಈ ಬುದ್ಧಿ ಬಂತು.

ಮಡಚುವ ಬಾಗಿಲು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಮೇಲೆ ಆಳವಾದ ಛಾವಣಿಯಿದ್ದು, ಎರಚಲು ತಾಗದ ಪಡಸಾಲೆಗೆ ಅದು ಭೂಷಣವೇ. ಫ್ಲ್ಯಾಟಿನ ಬಾಲ್ಕನಿಗೆ ಗಾಜು ಹಾಕಿಸುವವರು ಮಾತ್ರ ಸೊಸೈಟಿಯ ಮತ್ತು ಪಾಲಿಕೆಯ ಅನುಮತಿಯನ್ನು ಮೊದಲು ವಿಚಾರಿಸುವುದು ಒಳ್ಳೆಯದು. ನಮಗೆ ತಿಳಿದದ್ದು ಇಷ್ಟು: ಬಾಗಿಲು ಆರಿಸುವಾಗ ಅದು ಪೂರ್ತಿ ತೆರೆದಿರುವ ನಾಲ್ಕು ದಿನಗಳನ್ನಲ್ಲ, ಮುಚ್ಚಿರುವ ದಿನಗಳನ್ನೂ ಅದನ್ನು ದಾಟುವ ಕಾಲುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸರಿಯುವ ಬಾಗಿಲೇ ಬಂತು. ಈ ಜೂನ್‌ನ ಮೊದಲ ಮಳೆ ನಿಂತ ಮರುದಿನ ಬೆಳಿಗ್ಗೆ ತಾಯಿಯವರು ಒಂದು ಕೈಯಿಂದ ಫಲಕ ಸರಿಸಿ ತುಳಸಿಯವರೆಗೆ ಹೋಗಿಬಂದರು. ಬಂದವರೇ, “ಎಲ್ಲಾ ಛಲೋ ಅದ. ಆದರ ಹೊಸ್ತಿಲಾ ಇಲ್ಲದ ಮನಿ ಮನಿ ಅನಸೂದಿಲ್ಲಪಾ” ಅಂದರು. ಅಂದಿನಿಂದ ಸೊಸೆ ಆ ಮಟ್ಟಸ ನೆಲದ ಮೇಲೆ ಎರಡೆಳೆ ರಂಗೋಲಿ ಎಳೆಯುತ್ತಾರೆ. ತಾಯಿಯವರು ವಾಕರ್ ಎತ್ತಿ, ಅದನ್ನು ತುಳಿಯದೆ ದಾಟುತ್ತಾರೆ.