ಕಾಣೆಯಾದ 'ನೂನ್' ಸಾಲು

ಹೀಬ್ರೂ ವರ್ಣಮಾಲೆಯಲ್ಲಿ 22 ಅಕ್ಷರ. ಯಹೂದಿಯರ ಪವಿತ್ರಗ್ರಂಥದ 145ನೇ ಕೀರ್ತನೆಯ ಸಾಲುಗಳು ಅದೇ ಅಕ್ಷರಕ್ರಮದಲ್ಲಿ ಶುರುವಾಗುತ್ತವೆ. ಆದರೆ ಎಣಿಸಿ ನೋಡಿ, ಇರುವುದು 21 ಸಾಲು! 'ಮೇಮ್' ಆದಮೇಲೆ ಬರಬೇಕಾದ 'ನೂನ್' ಸಾಲೇ ಇಲ್ಲ. ಇದು ಯಾಕಿಲ್ಲ ಅಂತ ತಾಲ್ಮುದ್ ಎಂಬ ಯಹೂದಿ ಧರ್ಮಶಾಸ್ತ್ರದ ಕಾಲದ ರಬ್ಬಿಗಳೇ (ಧರ್ಮಗುರುಗಳೇ) ಕೇಳಿಕೊಂಡಿದ್ದರು.

1956. ಮೃತ ಸಮುದ್ರದ ಬಳಿ, ಕುಮ್ರಾನ್‌ನ 11ನೇ ಗುಹೆಯಲ್ಲಿ ಕೀರ್ತನೆಗಳಿರುವ ಒಂದು ತೊಗಲಿನ ಸುರುಳಿ ಸಿಕ್ಕಿತು. ವಯಸ್ಸು ಸುಮಾರು 2000 ವರ್ಷ. ಬಿಡಿಸಿ ಓದಿದರೆ, ಅದರಲ್ಲಿ ನೂನ್ ಸಾಲು ಇದೆ!

ಹಾಗಾದರೆ ಕಳೆದದ್ದು ಸಿಕ್ಕಿತೇ? ಅಷ್ಟು ಸುಲಭವಲ್ಲ. ಹಳೆಯ ಗ್ರೀಕ್ ಅನುವಾದದಲ್ಲೂ ಆ ಸಾಲಿದೆ, ಹಾಗಾಗಿ ಅದು ಮೂಲದ್ದೇ ಎನ್ನುತ್ತಾರೆ ಕೆಲವು ವಿದ್ವಾಂಸರು. ಇನ್ನು ಕೆಲವರು, ಬಿಟ್ಟ ಸ್ಥಳ ತುಂಬಲು ಯಾರೋ ಆಮೇಲೆ ಸೇರಿಸಿದ್ದು ಎನ್ನುತ್ತಾರೆ. ಯಾಕೆಂದರೆ ಅದರ ದ್ವಿತೀಯಾರ್ಧ 17ನೇ ವಚನದ ದ್ವಿತೀಯಾರ್ಧವನ್ನೇ ಹೋಲುತ್ತದೆ.

ಇಂದಿನ ಓದುಗರಿಗೆ ಅನುವಾದ ಮಾಡುವವರು ಏನು ಮಾಡಬೇಕು? ಸಾಲನ್ನು ಕೊಟ್ಟು, ಅನುಮಾನವನ್ನೂ ಅಡಿಟಿಪ್ಪಣಿಯಲ್ಲಿ ಹೇಳಬೇಕು. ನನ್ನ ಪ್ರಕಾರ ಅದೇ ಪ್ರಾಮಾಣಿಕ ದಾರಿ. ಹಲವು ಆಧುನಿಕ ಅನುವಾದಗಳು ಹಾಗೇ ಮಾಡಿವೆ.

ಯಹೂದಿಯರ ನಿತ್ಯಪ್ರಾರ್ಥನೆಯಲ್ಲಿ ಈ ಕೀರ್ತನೆ ದಿನಕ್ಕೆ ಮೂರು ಬಾರಿ ಬರುತ್ತದೆ. ಅಲ್ಲಿ ಇಂದಿಗೂ ನೂನ್ ಸಾಲಿಲ್ಲ.